ಕಂಪ್ಯೂಟರ್ ಮರಳು ಯಾಕೆ ಬೇಗ ಜಾರಿತು?

ಮರಳಿನ ಘರ್ಷಣೆಯ ಕೋನ ಲ್ಯಾಬಿನಲ್ಲಿ 43 ಡಿಗ್ರಿ. ಕಂಪ್ಯೂಟರಿನಲ್ಲಿ 25. ಅದೇ ಮರಳು, ಅದೇ ಅಳತೆಯ ಪೆಟ್ಟಿಗೆ, ಮೇಲೆ ಅದೇ 100 ಕಿಲೊಪಾಸ್ಕಲ್ ಭಾರ. ಮಧ್ಯದ 18 ಡಿಗ್ರಿ ಎಲ್ಲಿ ಹೋಯಿತು ಎಂದು ಹುಡುಕುವುದರಲ್ಲೇ ನನಗೆ ಎರಡು ತಿಂಗಳು ಹಿಡಿಯಿತು.

ನಾನಿರುವುದು ಪುಣೆಯಲ್ಲಿ. ಇಲ್ಲಿನ ಕಟ್ಟಡಗಳಿಗೆ ವಾಘೋಲಿ, ಮೋಶಿ ಕಡೆಯ ಕ್ವಾರಿಗಳ ಕ್ರಶ್ ಸ್ಯಾಂಡ್ ಜಾಸ್ತಿ ಬರುತ್ತದೆ. ಕಪ್ಪು ಬಸಾಲ್ಟ್ ಕಲ್ಲನ್ನು ಒಡೆದ ಮರಳು. ಅದರಲ್ಲಿ 2.36 ಮಿ.ಮೀ. ಜರಡಿಯಿಂದ ಇಳಿದು 1.18ರ ಮೇಲೆ ನಿಂತ ಕಾಳನ್ನಷ್ಟೇ ತೆಗೆದುಕೊಂಡೆ. 60 ಮಿ.ಮೀ. ಚೌಕದ ಶಿಯರ್ ಬಾಕ್ಸ್. ಕೆಳಗಿನ ಅರ್ಧವನ್ನು ತಳ್ಳುತ್ತೇವೆ, ಮೇಲಿನದು ತಡೆಯುತ್ತದೆ, ನಡುವೆ ಮರಳು ಜಾರುತ್ತದೆ. ಎಷ್ಟು ಬಲ ಬೇಕಾಯಿತು ಎಂಬುದರಿಂದ ಘರ್ಷಣೆಯ ಕೋನ ಸಿಗುತ್ತದೆ. ಕೋನ ದೊಡ್ಡದಾದಷ್ಟೂ ಮರಳನ್ನು ಜಾರಿಸುವುದು ಕಷ್ಟ.

ಕಂಪ್ಯೂಟರಿಗೆ ಯೇಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಕಂಡಲ್ ಮತ್ತು ಸ್ಟ್ರಾಕ್ 1979ರಲ್ಲಿ ಪ್ರಕಟಿಸಿದ ಡಿಇಎಂ (ಡಿಸ್ಕ್ರೀಟ್ ಎಲಿಮೆಂಟ್ ಮೆಥಡ್) ವಿಧಾನವೇ ಇದರ ಬುಡ. ಪ್ರತಿ ಕಾಳೂ ಒಂದು ಗುಂಡು. ಗುಂಡಿಗೆ ಗುಂಡು ತಾಕಿದಾಗ ಹುಟ್ಟುವ ಬಲ ಲೆಕ್ಕ ಹಾಕು, ಎಲ್ಲವನ್ನೂ ಒಂಚೂರು ಸರಿಸು, ಮತ್ತೆ ಲೆಕ್ಕ ಹಾಕು. ನನ್ನ ಪೆಟ್ಟಿಗೆಯಲ್ಲಿ ಸುಮಾರು 18 ಸಾವಿರ ಗುಂಡು. ಕಲ್ಲು ಬಿಗಿಯಾದಷ್ಟೂ ಹೀಗೆ ಸರಿಸುವ ಹೆಜ್ಜೆ ಚಿಕ್ಕದಾಗಬೇಕು. ಬಿಗಿತವನ್ನು ನೂರು ಪಟ್ಟು ತಗ್ಗಿಸಿದ ಮೇಲೂ ಒಂದು ಹೆಜ್ಜೆ ಎಂದರೆ ಸೆಕೆಂಡಿನ 10 ಲಕ್ಷ ಪಾಲಿನಲ್ಲಿ 2 ಪಾಲು ಅಷ್ಟೇ. ಬಿಗಿತ ತಗ್ಗಿಸಬಹುದು. ಆದರೆ ಗುಂಡುಗಳು ಒಂದರೊಳಗೊಂದು ಹೊಗುವುದು ವ್ಯಾಸದ ಶೇ. 1 ದಾಟದಂತೆ ನೋಡಿಕೊಳ್ಳಿ.

ಲ್ಯಾಬಿನಲ್ಲಿ ನಿಮಿಷಕ್ಕೆ 1 ಮಿ.ಮೀ. ತಳ್ಳಿದ್ದೆವು. ಕಂಪ್ಯೂಟರಿನಲ್ಲಿ ಆ ವೇಗಕ್ಕೆ ವಾರಗಟ್ಟಲೆ ಕಾಯಬೇಕು. ಅವಸರದಲ್ಲಿ ಸೆಕೆಂಡಿಗೆ 500 ಮಿ.ಮೀ. ಕೊಟ್ಟಿದ್ದೆ, ಗ್ರಾಫ್ ಗರಗಸದ ಹಲ್ಲಿನಂತೆ ಬಂತು. 10ಕ್ಕೆ ಇಳಿಸಿದೆ. ತಳ್ಳುವ ವೇಗ ಅತಿಯಾಯಿತೇ ಎಂದು ತಿಳಿಸುವ ಇನರ್ಷಿಯಲ್ ನಂಬರ್ ಸಾವಿರದಲ್ಲಿ ಒಂದು ಪಾಲಿಗಿಂತ ಕೆಳಗೆ ಬಂತು, ಗೆರೆ ತಿಳಿಯಾಯಿತು. ಆ ತಿಳಿ ಗೆರೆ ಕೊಟ್ಟದ್ದೇ 25.

ನಮ್ಮ ಲ್ಯಾಬಿನಲ್ಲಿ ಮರಳು ತುಂಬುವ ಕಾಕಾ ಅಕ್ಕಲಕೋಟೆ ಕಡೆಯವರು. ನಮ್ಮಿಬ್ಬರ ಮಾತು ಕನ್ನಡದಲ್ಲೇ. ಗ್ರಾಫ್ ನೋಡಿ ಕೇಳಿದರು: “ನಾ ಮೂರ್ ಪದರ ಹಾಕಿ ಬಡದೀನಿ. ನೀ ಬಡದಿಯೇನ್ ತಮ್ಮಾ?”

ಬಡಿದಿರಲಿಲ್ಲ. ಗುಂಡುಗಳನ್ನು ಸುಮ್ನೆ ಸುರಿದಿದ್ದೆ. ಸೇರಿಗೆ ಅಕ್ಕಿ ತುಂಬಿ ತಟ್ಟಿದರೆ ಇನ್ನೊಂದು ಹಿಡಿ ಹಿಡಿಸುತ್ತದೆ ಅಲ್ವಾ? ಮರಳೂ ಹಾಗೆಯೇ. ಕಂಪ್ಯೂಟರಿನಲ್ಲಿ ಬಡಿಯುವ ಬದಲು, ತುಂಬುವಾಗ ಗುಂಡುಗಳ ಘರ್ಷಣೆಯನ್ನು ಸೊನ್ನೆಯ ಹತ್ತಿರ ಇಟ್ಟು ಮೇಲಿಂದ ಒತ್ತಬೇಕು. ಅವು ಜಾರಿ ಜಾರಿ ಒತ್ತಾಗಿ ಕೂರುತ್ತವೆ. ಆಮೇಲೆ ಘರ್ಷಣೆ ವಾಪಸ್ ಕೊಡಬೇಕು. ಕೋನ 30ಕ್ಕೆ ಬಂತು.

ಉಳಿದದ್ದಕ್ಕೆ ನಾನು ತಪ್ಪು ದಾರಿ ಹಿಡಿದೆ. ಗುಂಡಿಗೆ ಗುಂಡು ಉಜ್ಜುವಾಗಿನ ಘರ್ಷಣೆಯ ಗುಣಾಂಕವನ್ನು 0.5ರಿಂದ 0.9ಕ್ಕೆ ಏರಿಸಿದೆ. ಕೋನ ಒಂದು ಡಿಗ್ರಿಯೂ ಸರಿಯಾಗಿ ಏರಲಿಲ್ಲ. ಯೇಡ್‌ನಲ್ಲಿ ಗುಂಡುಗಳ ಮೇಲೆ ಪಟ್ಟೆ ಬರುವಂತೆ ಮಾಡಬಹುದು. ಪಟ್ಟೆ ಹಾಕಿ ನಡುವಿನ ಸಾಲನ್ನು ದೊಡ್ಡದು ಮಾಡಿ ನೋಡಿದೆ. ಪಟ್ಟೆಗಳೆಲ್ಲ ತಿರುಗುತ್ತಿದ್ದವು! ಗುಂಡುಗಳು ಉಜ್ಜಿಕೊಂಡು ಜಾರುತ್ತಲೇ ಇಲ್ಲ, ಉರುಳಿಕೊಂಡು ಹೋಗುತ್ತಿವೆ. ಉರುಳುವುದಕ್ಕೆ ಘರ್ಷಣೆ ಎಷ್ಟು ಕೊಟ್ಟರೇನು?

ಕ್ರಶ್ ಸ್ಯಾಂಡ್ ಒಂದು ಚಿಟಿಕೆ ಬೆರಳ ನಡುವೆ ತಿಕ್ಕಿ ನೋಡಿ, ಚುಚ್ಚುತ್ತದೆ. ಅದರ ಮೂಲೆಗಳು ಪಕ್ಕದ ಕಾಳಿಗೆ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಮೂರು ಗುಂಡು ಅಂಟಿಸಿ ಒಂದು ಕಾಳು ಮಾಡಿದೆ. ಇದಕ್ಕೆ ಕ್ಲಂಪ್ ಎನ್ನುತ್ತಾರೆ. ಗುಂಡುಗಳು ಒಂದರೊಳಗೊಂದು ಹೊಕ್ಕಿರುವ ಜಾಗದ ತೂಕ ಎರಡು ಸಲ ಲೆಕ್ಕಕ್ಕೆ ಬರಬಾರದು, ಅದನ್ನು ಮರೆಯಬೇಡಿ. ಗುಣಾಂಕ ಮತ್ತೆ 0.5. ಕೋನ 41.

ಕೋನಕ್ಕಿಂತ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಮೇಲಿನ ಮುಚ್ಚಳ. ಒತ್ತಾಗಿ ತುಂಬಿದ ಮರಳು ಜಾರಬೇಕಾದರೆ ಕಾಳು ಪಕ್ಕದ ಕಾಳನ್ನು ಹತ್ತಿ ದಾಟಬೇಕು, ಆಗ ಮುಚ್ಚಳ ಏಳುತ್ತದೆ. ಬ್ರಿಟಿಷ್ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲೇ ಇದನ್ನು ವಿವರಿಸಿದ್ದರು. ಲ್ಯಾಬಿನ ಡಯಲ್ ಗೇಜ್ ತೋರಿಸಿದ ಏರಿಕೆಯ ಮೇಲೆ ನನ್ನ ಗೆರೆ ಹೆಚ್ಚುಕಡಿಮೆ ಹಾಗೇ ಕೂತಿತು. ಬೇರೆ ಭಾರಕ್ಕೂ ಇದು ಸರಿ ಬರುತ್ತದೆಯೇ ಎಂದು ನೋಡಲು, ಇನ್ನು ಯಾವ ಸಂಖ್ಯೆಯನ್ನೂ ಮುಟ್ಟದೆ 50 ಮತ್ತು 200 ಕಿಲೊಪಾಸ್ಕಲ್ ಭಾರಕ್ಕೆ ಓಡಿಸಬೇಕು. 50ರದು ನಿನ್ನೆ ರಾತ್ರಿ ಶುರು ಮಾಡಿದ್ದೇನೆ.