ಜೀನ್ಸ್ ಯೂನಿಟ್ ಮತ್ತೆ ತೆರೆದಾಗ: ಜ್ವರ, ಗಾಳಿ, ಬಟವಾಡೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಲ್ಲಿ ಬಹಳ ಜನ ಪೀಸ್ ರೇಟ್ ಮೇಲೆ ದುಡಿಯುತ್ತಾರೆ. ಎಷ್ಟು ಪೀಸೋ ಅಷ್ಟು ದುಡ್ಡು. ಕೆಲಸಕ್ಕೆ ಬರದ ದಿನ ಏನೂ ಇಲ್ಲ. 2020ರಲ್ಲಿ ಕೊರೊನಾ ಲಾಕ್‌ಡೌನ್ ಸಡಿಲವಾಗಿ ನಮ್ಮ ಸಣ್ಣ ಯೂನಿಟ್ ಮತ್ತೆ ತೆರೆಯುವಾಗ ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಇದೇ ಆಗಿತ್ತು. ಜ್ವರ ಬಂದರೆ ಮನೆಯಲ್ಲೇ ಇರಿ ಅಂತ ಗೋಡೆಗೆ ಬೋರ್ಡ್ ಹಾಕಬಹುದು. ಆದರೆ ವಾರಗಟ್ಟಲೆ ಕೆಲಸವಿಲ್ಲದೆ ಕೂತು, ಕಿರಾಣಿ ಅಂಗಡಿಯಲ್ಲಿ ಉದ್ರಿ ಏರಿಸಿಕೊಂಡವರು ಒಂದು ಮಾತ್ರೆ ನುಂಗಿ ಬಂದೇ ಬರುತ್ತಾರೆ. ಪ್ಯಾರಾಸಿಟಮಾಲ್ ತಗೊಂಡವರ ಜ್ವರ ಗೇಟಿನ ಥರ್ಮಾಮೀಟರಿಗೆ ಸಿಗುವುದಿಲ್ಲ.

ಹಾಗಾಗಿ ಸ್ಯಾನಿಟೈಸರ್ ತರುವ ಮೊದಲೇ ಕೂಲಿಯ ಮಾತು ಮುಗಿಸಿದೆವು. ಜ್ವರ, ಕೆಮ್ಮು, ಮೈಕೈ ನೋವು, ವಾಸನೆ ತಿಳಿಯದಿರುವುದು, ಇದರಲ್ಲಿ ಏನೇ ಇದ್ದರೂ ಫೋನ್ ಮಾಡಿ ಮನೆಯಲ್ಲಿ ಉಳಿಯಬೇಕು. ಮನೆಯಲ್ಲಿ ಬೇರೆಯವರಿಗೆ ಇದ್ದರೂ ಹಾಗೇ. ಆ ದಿನಗಳಿಗೆ, ಹಿಂದಿನ ವಾರಗಳ ದುಡಿಮೆಯ ಸರಾಸರಿ ಹಿಡಿದು ಕೂಲಿ ಕೊಡುತ್ತೇವೆ ಅಂತ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬಾಯಿಬಿಟ್ಟು ಹೇಳಿದೆವು. ನಮ್ಮ ಊರಲ್ಲಿ ಮೂರೂ ಬೇಕು.

ಗುಂಡಿ ತೂತು ಹೊಲಿಯುವ ಕಾಜಾ ಮಷಿನ್ ಮೇಲೆ ಕೂರುವ ಹೆಣ್ಣುಮಗಳು ಒಬ್ಬರು ಎಲ್ಲರೆದುರೇ ಕೇಳಿದರು: "ಅಣ್ಣಾ, ಫೋನ್ ಮಾಡಿ ಹೇಳಿದ್ರೆ ರೊಕ್ಕ ಕಟ್ ಮಾಡಂಗಿಲ್ಲಲ್ಲ?"

"ಇಲ್ಲವ್ವ. ಶನಿವಾರ ಬಟವಾಡೆ ಜೊತಿಗೇ ಬರ್ತೈತಿ."

ಮಾತನ್ನು ಯಾರೂ ಅಷ್ಟು ಬೇಗ ನಂಬಲಿಲ್ಲ. ಮೊದಲು ಫೋನ್ ಮಾಡಿದ ಟೈಲರ್ ಕೈಗೆ ದುಡ್ಡು ಬಂದದ್ದನ್ನು ಉಳಿದವರು ಕಣ್ಣಾರೆ ನೋಡಿದ ಮೇಲೆಯೇ ಫೋನ್‌ಗಳು ಬರತೊಡಗಿದವು. ಸಣ್ಣ ಯೂನಿಟ್‌ಗೆ ಇದು ಭಾರದ ಖರ್ಚು, ನಿಜ. ಆದರೆ ಸಾಲಾಗಿ ಕೂತು ಹೊಲಿಯುವ ಒಂದು ಲೈನ್ ಪೂರ್ತಿ ಕಾಯಿಲೆ ಬಿದ್ದರೆ ಆರ್ಡರೇ ಕೈತಪ್ಪುತ್ತದೆ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದ್ದವರಿಗೆ ಕಾಯಿಲೆ ಭತ್ಯೆ ಇದೆ, ಕೂಲಿಯ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ. ಎಷ್ಟೋ ಕೆಲಸಗಾರರಿಗೆ ಇದು ಗೊತ್ತೇ ಇರುವುದಿಲ್ಲ. ಅರ್ಜಿ, ಡಾಕ್ಟರ ಸರ್ಟಿಫಿಕೇಟ್ ಓಡಾಟವನ್ನು ನಮ್ಮ ಲೆಕ್ಕದ ಹುಡುಗನಿಗೆ ವಹಿಸಿದೆವು. ಕಾಯಿಲೆಯವರನ್ನೇ ಕಚೇರಿಗೆ ಅಲೆಸುವುದು ಸರಿಯಲ್ಲ ಅಲ್ವಾ?

ಗೇಟಿನ ಥರ್ಮಾಮೀಟರ್ ಬಗ್ಗೆ ಒಂದು ಮಾತು. ಬಳ್ಳಾರಿಯ ಬಿಸಿಲಲ್ಲಿ ನಡೆದು ಬಂದವರ ಹಣೆಗೆ ಅದನ್ನು ಹಿಡಿದರೆ ಎಲ್ಲರಿಗೂ ಜ್ವರವೇ ತೋರಿಸುತ್ತದೆ. ನೆರಳಲ್ಲಿ ಬೆಂಚು ಹಾಕಿಸಿ, ಮುಖ ಒರೆಸಿಕೊಂಡು, ಸ್ವಲ್ಪ ಹೊತ್ತು ಕೂತ ಮೇಲೆ ನೋಡುತ್ತಿದ್ದೆವು. ಆ ಹೊತ್ತಲ್ಲಿ "ಮನೆಯಲ್ಲಿ ಎಲ್ಲರೂ ಆರಾಮಾ?" ಅಂತ ಕೇಳುವುದು ಥರ್ಮಾಮೀಟರಿಗಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಇನ್ನು ಗಾಳಿ. ನಮ್ಮದು ತಗಡಿನ ಶೆಡ್. ಬೇಸಿಗೆಯಲ್ಲಿ ಒಳಗೆ ಬೆಂಕಿ. ಅದಕ್ಕೇ ಲೈನಿನ ತುದಿಯಲ್ಲಿ ದೊಡ್ಡ ಸ್ಟ್ಯಾಂಡ್ ಫ್ಯಾನ್‌ಗಳು ಇದ್ದವು. ಅವು ಮೊದಲನೆಯವರ ಉಸಿರನ್ನು ಕೊನೆಯವರ ಮುಖದವರೆಗೂ ತಳ್ಳುತ್ತವೆ. ಮಷಿನ್ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡುವುದು. ಕೂಗಿದಷ್ಟೂ ಬಾಯಿಂದ ಹನಿ ಜಾಸ್ತಿ. ಬಂಡಲ್ ಬೇಕಿದ್ದರೆ ಕೈ ಎತ್ತಿದರೆ ಸಾಕು, ಸೂಪರ್‌ವೈಸರ್ ಬರುತ್ತಾರೆ ಅಂತ ಮಾಡಿದೆವು.

ಒಂದು ಭಾನುವಾರ ನೆಲದ ಹತ್ತಿ ಧೂಳೆಲ್ಲ ಗುಡಿಸಿ, ಬಟ್ಟೆ ಹೊರಗೆ ಸಾಗಿಸಿ, ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡು ಊದುಬತ್ತಿ ಹಚ್ಚಿದೆ. ಕೆಲಸ ನಡೆಯುವಾಗ ಇದನ್ನು ಮಾಡಲೇಬಾರದು. ಒಂದೊಂದು ಮಷಿನ್ ಹತ್ತಿರ ಹಿಡಿದು ಹೊಗೆ ಎತ್ತ ಹೋಗುತ್ತದೆ ಅಂತ ನೋಡಿದೆ. ಬಾಗಿಲ ಬಳಿ ಸರಸರ ಹೊರಗೆ. ಕಟಿಂಗ್ ಟೇಬಲ್ ಹಿಂದಿನ ಮೂಲೆಯಲ್ಲಿ ಮಾತ್ರ ಹೊಗೆ ಅಲ್ಲೇ ಸುತ್ತುತ್ತಾ ನಿಂತಿತು. ದಾರ ಕತ್ತರಿಸುವ ಹೆಂಗಸರು ಗುಂಪಾಗಿ ಕೂರುತ್ತಿದ್ದ ಜಾಗ ಅದು! ಅವರನ್ನು ಬಾಗಿಲ ಕಡೆ ಕೂರಿಸಿ, ಆ ಮೂಲೆಯ ಗೋಡೆ ಒಡೆಸಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಎದುರಿನ ಕಿಟಕಿಗೆ ಕೂಲರ್. ಕೂಲರ್ ಕಿಟಕಿಯ ಹೊರಗಿದ್ದು ಹೊಸ ಗಾಳಿ ಎಳೆಯಬೇಕು. ಒಳಗೇ ಇಟ್ಟರೆ ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಮುಂದೆ 2021ರ ಮೇ 20ರಂದು ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಸೂಚನೆ ಬಂತು. ಸಣ್ಣ ಕಣಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ಹೋಗಬಹುದು, ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಹಾಕಿ ಅಂತ. ಅದನ್ನು ಓದಿದಾಗ ಗೋಡೆ ಒಡೆಸಿದ್ದಕ್ಕೆ ನಿಜಕ್ಕೂ ಸಮಾಧಾನವಾಯಿತು.

ಮದ್ದು ಸಿಂಪಡಿಸುವ ಹುಚ್ಚು ಆಗ ಎಲ್ಲೆಡೆ ಇತ್ತು. ಮನುಷ್ಯರ ಮೇಲೆ ಸಿಂಪಡಿಸಬೇಡಿ ಅಂತ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ನಮಗೆ ಇನ್ನೊಂದು ತಾಪತ್ರಯ. ಆ ಮದ್ದು ಹೈಪೋಕ್ಲೋರೈಟ್, ಅಂದರೆ ಬ್ಲೀಚ್. ವಾಷಿಂಗ್‌ನವರು ಜೀನ್ಸ್ ಬಣ್ಣ ತೆಗೆಯುವುದೇ ಅದರಿಂದ. ಒಂದು ಹನಿ ಬಿದ್ದರೆ ಪೀಸ್ ರಿಜೆಕ್ಟ್. ಅದನ್ನು ಪಾಯಿಖಾನೆ, ಬಾಗಿಲ ಹಿಡಿಗಳಿಗೆ ಮಾತ್ರ ಇಟ್ಟು, ಮಷಿನ್ ಟೇಬಲ್‌ಗೆ ಸೋಪಿನ ನೀರು ಬಳಸಿದೆವು. ಇಸ್ತ್ರಿ ಮಾಡುವ ಕಡೆ ಸ್ಯಾನಿಟೈಸರ್ ಬಾಟಲಿ ಇಡಲೇ ಇಲ್ಲ. ಆಲ್ಕೋಹಾಲ್ ಬೆಂಕಿ ಹಿಡಿಯುತ್ತದೆ. ಅಲ್ಲಿಯವರಿಗೆ ನಲ್ಲಿ, ಸೋಪು.

ಮಾಸ್ಕ್ ನಾವೇ ಹೊಲಿದೆವು. ಜೀನ್ಸ್ ಬಟ್ಟೆಯಲ್ಲಿ ಉಸಿರಾಡಲು ಆಗುವುದಿಲ್ಲ. ಜೇಬಿಗೆ ಹಾಕುವ ತೆಳ್ಳನೆ ಕಾಟನ್ ಮೂರು ಪದರ ಮಾಡಿದರೆ ಸರಿಹೋಗುತ್ತದೆ. ಬೆವರಿಗೆ ಅದು ಮಧ್ಯಾಹ್ನದೊಳಗೆ ಒದ್ದೆ, ಆದ್ದರಿಂದ ಊಟದ ನಂತರ ಇನ್ನೊಂದು.

ಊಟದ್ದೇ ಕಷ್ಟ. ರೊಟ್ಟಿ ಬುತ್ತಿ ಬಿಚ್ಚಿ ಒಬ್ಬರ ಪುಂಡಿಪಲ್ಯ ಇನ್ನೊಬ್ಬರಿಗೆ ಹೋಗದಿದ್ದರೆ ಅದು ಊಟವೇ ಅಲ್ಲ. ಮಾಸ್ಕ್ ತೆಗೆದು, ಹತ್ತಿರ ಕೂತು, ನಗುತ್ತಾ ಮಾತಾಡುವ ಹೊತ್ತೂ ಅದೇ. ಹಂಚಿಕೊಳ್ಳಬೇಡಿ ಅನ್ನಲು ನನಗೆ ನಿಜವಾಗಿ ಸಂಕಟವಾಯಿತು. ಊಟವನ್ನು ಹೊರಗೆ ಬೇವಿನ ಮರದ ಕೆಳಗೆ, ಎರಡು ಪಾಳಿಯಲ್ಲಿ ಮಾಡಿದೆವು. ಮಾತು ಇರಲಿ, ಬುತ್ತಿ ಬೇರೆ ಇರಲಿ ಅಂತ ಹಿರಿಯ ಹೆಂಗಸರೇ ಒಪ್ಪಿಸಿದರು.

ಲಸಿಕೆ 2021ರ ಏಪ್ರಿಲ್‌ನಲ್ಲಿ 45 ದಾಟಿದವರಿಗೆ, ಮೇ ತಿಂಗಳಲ್ಲಿ 18 ದಾಟಿದವರಿಗೆ ಬಂತು. ಹಾಕಿಸಿಕೊಂಡ ದಿನ ಮತ್ತು ಮರುದಿನ ಕೂಲಿ ಸಮೇತ ರಜೆ ಕೊಟ್ಟೆವು, ಏಕೆಂದರೆ ಮೈಕೈ ನೋವಿಗೆ ಹೆದರಿಯೇ ಬಹಳ ಜನ ಮುಂದೂಡುತ್ತಿದ್ದರು.

ಜ್ವರದ ದಿನದ ಕೂಲಿ ನಮ್ಮಲ್ಲಿ ಈಗಲೂ ಇದೆ, ಡೆಂಗೆ ಇರಲಿ, ಫ್ಲೂ ಇರಲಿ. ಹೊಸದಾಗಿ ಯೂನಿಟ್‌ಗೆ ಶೆಡ್ ನೋಡುವವರು ನನ್ನ ಕೇಳಿದರೆ, ಬಾಡಿಗೆ ಮಾತಾಡುವ ಮೊದಲು ಎದುರುಬದುರು ಕಿಟಕಿ ಇದೆಯಾ ನೋಡಿ, ಇಲ್ಲದಿದ್ದರೆ ಗೋಡೆ ಒಡೆಸಲು ಮಾಲೀಕರ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿಕೊಳ್ಳಿ ಅನ್ನುತ್ತೇನೆ.