ಓಡುವ ಮೋಡದ ಕೆಳಗೆ ಬಿಸಿಲು ಅಳೆದದ್ದು

ವಿಜಯಪುರ ಸೀಮೆಯಲ್ಲಿ ಬಿಸಿಲಿಗೇನು ಬರ ಅನ್ನುತ್ತಾರೆ. ಏಪ್ರಿಲ್ ಮಟ್ಟಿಗೆ ಅದು ಖರೆ. ಮಿರಗ, ಅಂದರೆ ಮೃಗಶಿರಾ ಮಳೆ ಕೂಡಿತೆಂದರೆ ಲೆಕ್ಕ ಬದಲಾಗುತ್ತದೆ. ಪಡುವಣದಿಂದ ತುಂಡುಮೋಡಗಳು ಸಾಲುಗಟ್ಟಿ ಓಡುತ್ತವೆ. ಮಳೆ ಕೊಡುವುದು ಕಡಿಮೆ, ನೆರಳು ಮಾತ್ರ ಧಾರಾಳ. ಬಸವನ ಬಾಗೇವಾಡಿ ಕಡೆಯ ಸೋಲಾರ್ ಪ್ಲಾಂಟಿನಲ್ಲಿ ಈ ಏರಿಳಿತ ಅಳೆಯುವುದೇ ನನ್ನ ಕೆಲಸ.

ದಿನವನ್ನು 15 ನಿಮಿಷದ 96 ಬ್ಲಾಕ್ ಮಾಡಿ, ಪ್ರತಿ ಬ್ಲಾಕಿಗೆ ಎಷ್ಟು ಕರೆಂಟು ಕೊಡುತ್ತೇವೆಂದು ಮುಂಗಡ ಬರೆದುಕೊಡಬೇಕು. ಮಿತಿ ಮೀರಿ ತಪ್ಪಿದರೆ ದಂಡ. ಆದರೆ 15 ನಿಮಿಷದ ಸರಾಸರಿಯೊಳಗೆ ಸೂರ್ಯ ನಾಲ್ಕು ಸಲ ಮರೆಯಾಗಿ ಬಂದಿದ್ದರೂ ಗೊತ್ತಾಗುವುದಿಲ್ಲ. ಇನ್ವರ್ಟರಿಗೆ, ಕರೆಂಟು ಹೊರಗೊಯ್ಯುವ ಫೀಡರ್ ಲೈನಿನ ವೋಲ್ಟೇಜಿಗೆ ಪೆಟ್ಟು ಬೀಳುವುದು ಆ ನಾಲ್ಕು ಸಲವೇ. ಹಾಗಾಗಿ ಸೆಕೆಂಡಿಗೊಮ್ಮೆ ಅಳೆಯಲು ನಿಂತೆ.

ಹವಾಮಾನ ಕಂಬದ ಮೇಲಿನ ಥರ್ಮೋಪೈಲ್ ಪೈರನೋಮೀಟರ್, ಅಂದರೆ ತಟ್ಟೆಯ ಬಿಸಿಯಿಂದ ಬಿಸಿಲು ಅಳೆಯುವ ಉಪಕರಣ, ದಿನದ ಮೊತ್ತಕ್ಕೆ ನಂಬಿಕಸ್ಥ. ಆದರೆ ಅದರ ಕಪ್ಪು ತಟ್ಟೆ ಕಾಯಬೇಕು, ಆರಬೇಕು. ಅದಕ್ಕೆ ಕೆಲವು ಸೆಕೆಂಡು ಬೇಕು. ಮೋಡದ ಅಂಚು ಅಷ್ಟರಲ್ಲಿ ದಾಟಿರುತ್ತದೆ. ಅದಕ್ಕೇ ಪ್ಲಾಂಟಿನ ನಾಲ್ಕೂ ಮೂಲೆಗೆ ಸಿಲಿಕಾನ್ ಸೆನ್ಸರ್ ಹಾಕಿದೆ. ಅವು ಕ್ಷಣದಲ್ಲೇ ಸ್ಪಂದಿಸುತ್ತವೆ, ಆದರೆ ಬಿಸಿಲಿನ ಎಲ್ಲ ಬಣ್ಣವನ್ನೂ ಕಾಣವು; ನಿಚ್ಚಳ ದಿನ ಥರ್ಮೋಪೈಲಿನ ಜೊತೆ ತಾಳೆ ಹಾಕಿ ಸರಿಪಡಿಸಿಕೊಂಡೆ. ಅಳತೆ ದಾಖಲಿಸುವ ಎಲ್ಲ ಲಾಗರ್‌ಗಳ ಗಡಿಯಾರ ಜಿಪಿಎಸ್‌ಗೆ ಕಟ್ಟಿದೆ. ಎರೆಹೊಲದ ಧೂಳನ್ನು ಬೆಳಿಗ್ಗೆ ಒರೆಸುವುದಷ್ಟೇ ಅಲ್ಲ, ಒರೆಸಿದ ಹೊತ್ತನ್ನೂ ಬರೆದಿಡಬೇಕು. ಇಲ್ಲದಿದ್ದರೆ ಆ ಜಿಗಿತವನ್ನೂ ಮೋಡದ ಲೆಕ್ಕಕ್ಕೆ ಹಾಕಿಬಿಡುತ್ತೇವೆ.

ಗ್ರಾಫಿನಲ್ಲಿ ನಾನು ಮೊದಲು ಹುಡುಕುವುದು ನೆರಳು ಬೀಳುವ ಮುಂಚಿನ ಕ್ಷಣ. ಅಲ್ಲಿ ಬಿಸಿಲು ಇಳಿಯುವುದಿಲ್ಲ, ಏರುತ್ತದೆ! ಮೋಡದ ಬೆಳ್ಳನೆಯ ಅಂಚು ಚದುರಿಸಿದ ಬೆಳಕು ನೇರ ಬಿಸಿಲಿಗೆ ಸೇರಿ, ಚದರ ಮೀಟರಿಗೆ 1,000 ವಾಟ್ ಇದ್ದದ್ದು 1,200 ದಾಟುವುದುಂಟು. ಮರುಕ್ಷಣ ಕಾಲುಭಾಗಕ್ಕೆ ಕುಸಿತ. ಸರಾಸರಿಯಲ್ಲಿ ಈ ಶಿಖರ, ಈ ಕಂದಕ ಎರಡೂ ಅಳಿಸಿಹೋಗುತ್ತವೆ.

ಮುಂದೆ, ಮೋಡವೇ ಇಲ್ಲದಿದ್ದರೆ ಆ ಗಳಿಗೆಯಲ್ಲಿ ಎಷ್ಟು ಬಿಸಿಲು ಇರುತ್ತಿತ್ತು ಎಂಬುದನ್ನು ಪಿವಿಲಿಬ್ ಎಂಬ ಉಚಿತ ಪೈಥಾನ್ ಲೈಬ್ರರಿಯಿಂದ ತೆಗೆದು, ಅಳತೆಯನ್ನು ಅದರಿಂದ ಭಾಗಿಸಿದೆ. ಸೂರ್ಯನ ಏರಿಳಿತ ಕಳೆದು ಮೋಡದ್ದಷ್ಟೇ ಉಳಿಯಿತು. ಮೋಡದ ಚಲನೆಯ ದಿಕ್ಕಿನಲ್ಲಿ 600 ಮೀಟರ್ ದೂರದ ಎರಡು ಸೆನ್ಸರಿಗೆ ಅದೇ ನೆರಳು 50 ಸೆಕೆಂಡ್ ಅಂತರದಲ್ಲಿ ತಟ್ಟಿದರೆ, ಮೋಡದ ವೇಗ ಸೆಕೆಂಡಿಗೆ 12 ಮೀಟರ್. ಈ ವೇಗವನ್ನು ವೇವ್ಲೆಟ್ ಮಾದರಿಗೆ ಕೊಟ್ಟೆ. ಅದು ಏರಿಳಿತವನ್ನು 2, 4, 8 ಸೆಕೆಂಡ್ ಹೀಗೆ ಅವಧಿವಾರು ಬಿಡಿಸಿ, ಪ್ಲಾಂಟಿನ ವಿಸ್ತಾರದಲ್ಲಿ ಯಾವುದು ಸಮನಾಗುತ್ತದೆ, ಯಾವುದು ಹಾಗೇ ಉಳಿಯುತ್ತದೆ ಎಂದು ಹೇಳುತ್ತದೆ. ಚಿಕ್ಕ ಅವಧಿಯವು ಒಂದಕ್ಕೊಂದು ವಜಾ ಆಗುತ್ತವೆ, ದೊಡ್ಡವು ಆಗುವುದಿಲ್ಲ. ಒಂದೇ ಸೆನ್ಸರ್ ನೋಡಿ, ಏರಿಳಿತ ಸರಿದೂಗಿಸುವ ಬ್ಯಾಟರಿಯ ಗಾತ್ರ ನಿರ್ಧರಿಸುವುದು ದುಡ್ಡು ಚೆಲ್ಲಿದಂತೆ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಆಕಾಶವೆಲ್ಲ ಮುಚ್ಚಿದ ದಿನ ಇದ್ಯಾವುದೂ ನಡೆಯದು. ಆಗ ಉಪಗ್ರಹದ ಚಿತ್ರವೇ ಗತಿ.

ಈಗ ಪಡುವಣಕ್ಕೆ 6 ಕಿಲೋಮೀಟರ್ ಆಚೆ ಒಂದು ಸೆನ್ಸರ್ ಕಂಬ ನೆಡುತ್ತಿದ್ದೇವೆ. ಮೋಡ ಸೆಕೆಂಡಿಗೆ ಅದೇ 12 ಮೀಟರ್ ವೇಗದಲ್ಲಿ ಬಂದರೆ ಎಂಟು ನಿಮಿಷ ಮೊದಲೇ ಸುದ್ದಿ ಸಿಗುತ್ತದೆ. ಹಿಂಗಾರಿನಲ್ಲಿ ಗಾಳಿ ಮೂಡಲಿಂದ ತಿರುಗುವುದರಿಂದ ಆ ಕಡೆಗೂ ಒಂದು ಕಂಬ ಬೇಕು. ಅದಕ್ಕೆ ಜಾಗ ನೋಡುತ್ತಿದ್ದೇನೆ.