ಖರಾಬು ಜಮೀನಿನಲ್ಲಿ ನಾನು ತೆಗೆಸಿದ 300 ಗುಂಡಿಗಳು

ಹಿರಿಯೂರು ಕಡೆ ಗುಡ್ಡದ ಬುಡದಲ್ಲಿ ನಮಗೆ ಐದು ಎಕರೆ ಜಮೀನಿದೆ. ಅದರಲ್ಲಿ ಎರಡು ಎಕರೆ ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ. ಬರೀ ಕಲ್ಲು, ಮುಳ್ಳು. ಮಳೆ ವರ್ಷಕ್ಕೆ 600 ಮಿಲಿಮೀಟರ್ ಬಂದರೆ ಅದೇ ಜಾಸ್ತಿ. ಖರಾಬು ಅಂದಮೇಲೆ ಅಲ್ಲೇನೂ ಇಲ್ಲ ಅಂದುಕೊಂಡು ಕಾಡು ಬೆಳೆಸಲು ಹೊರಟೆ. ತಂಗಡಿ, ಬಂದರಿಕೆ, ಕಾರೆ, ಕವಳೆ, ಹೀಗೆ ಅಲ್ಲಿದ್ದ ಕುರುಚಲು ಗಿಡಗಳನ್ನೆಲ್ಲ ಕಳೆ ಅಂತ ಕಡಿಸಿ, ಜೆಸಿಬಿ ತರಿಸಿ 300 ಗುಂಡಿ ತೆಗೆಸಿದೆ. ಬೇವು, ಹೊಂಗೆ, ಸಿಲ್ವರ್ ಓಕ್ ನೆಟ್ಟು ಎರಡು ಬೇಸಿಗೆ ಟ್ಯಾಂಕರ್ ನೀರು ಹೊಯ್ದೆ. ಉಳಿದದ್ದು 40 ಗಿಡ. ಅಗೆದ ಮಣ್ಣಿನಲ್ಲಿ ಮಾತ್ರ ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ ಭರ್ಜರಿಯಾಗಿ ಬಂದವು.

ಪ್ರತಿ ವರ್ಷ ಆ ದಾರಿಯಲ್ಲಿ ಕುರಿ ಹೊಡೆದುಕೊಂಡು ಬರುವ ಅಜ್ಜ ಒಬ್ಬರು ನಿಂತು ನೋಡಿದರು. "ನೀನು ನೀರು ಹಾಕಿದ ಬೇವು ಒಣಗೈತೆ, ಆ ಕಾರೆ ಮೆಳೆಯೊಳಗಿನ ಬೇವಿಗೆ ಯಾರಪ್ಪ ನೀರು ಹಾಕಿದ್ರು?" ಅಂದರು. ಬದುವಿನ ಮೇಲೆ ಕಡಿಯದೆ ಬಿಟ್ಟಿದ್ದ ಒಂದು ಮೆಳೆ ಅದು. ಬಗ್ಗಿ ನೋಡಿದರೆ ಒಳಗೆ ಎರಡು ಬೇವು, ಒಂದು ಕಕ್ಕೆ, ಎದೆಯೆತ್ತರ ಬಂದಿದ್ದವು. ಬೇವಿನ ಹಣ್ಣು ತಿಂದ ಹಕ್ಕಿ ಮುಳ್ಳಿನ ಮೇಲೆ ಕೂತು ಬೀಜ ಉದುರಿಸುತ್ತೆ, ಮೆಳೆ ಸಸಿಗೆ ನೆರಳು ಕೊಡುತ್ತೆ, ಮೇಕೆ ಬಾಯಿ ಹಾಕದ ಹಾಗೆ ಕಾಯುತ್ತೆ. ನಾನು ದುಡ್ಡು ಕೊಟ್ಟು ಕಡಿಸಿದ್ದು ಅದನ್ನೇ!

ಆಮೇಲೆ ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಗುಡ್ಡದ ಕಡೆ ಹೋಗಿ ಸುಮ್ನೆ ಓಡಾಡಿದೆ, ನಮ್ಮ ಕಡೆಯ ಕಲ್ಲುಗುಡ್ಡದಲ್ಲಿ ತಾನಾಗಿ ಏನು ಬೆಳೆಯುತ್ತೆ ಅಂತ ನೋಡಲು. ಅಲ್ಲಿಂದ ಬೀಜ ತರುವ ಹಾಗಿಲ್ಲ, ಅದು ರಕ್ಷಿತ ಕಾಡು. ಬೀಜ ಆಯ್ದದ್ದು ರಸ್ತೆ ಬದಿಯಲ್ಲಿ, ನಮ್ಮದೇ ಬದುಗಳಲ್ಲಿ. ತಂಗಡಿ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರು ಸುರಿದು ರಾತ್ರಿಯಿಡೀ ನೆನೆಸಿ ಬಿತ್ತಿದೆ. ಕವಳೆ ಬೀಜ ಇಟ್ಟುಕೊಂಡರೆ ಕೆಡುತ್ತೆ, ಹಣ್ಣು ತಿಂದ ವಾರದಲ್ಲೇ ಹಾಕಿಬಿಡಬೇಕು.

ನಿಜವಾದ ಕೆಲಸ ಅಂದರೆ ಬಳ್ಳಾರಿ ಜಾಲಿ ತೆಗೆಯುವುದು. ಹೆಸರು ಬಳ್ಳಾರಿ, ಊರು ಅಮೆರಿಕ ಖಂಡ. ಮೊದಲ ವರ್ಷ ಬುಡಕ್ಕೆ ಕೊಡಲಿ ಹಾಕಿಸಿದೆ, ಒಂದಿದ್ದ ಕಾಂಡ ಎಂಟಾಗಿ ಚಿಗುರಿತು. ಅದರ ಜೀವ ಇರುವುದು ನೆಲದೊಳಗಿನ ಬುಡದಲ್ಲಿ. ಒಳ್ಳೆ ಮಳೆ ಬಿದ್ದ ಮರುದಿನ, ಮಣ್ಣು ಮೆತ್ತಗಿರುವಾಗ, ಒಂದು ಅಡಿ ಆಳಕ್ಕೆ ಅಗೆದು ಬುಡದ ಗಡ್ಡೆಯನ್ನೇ ಕಿತ್ತರೆ ಮಾತ್ರ ಸಾಯುತ್ತೆ. ಅದೂ ಕಾಯಿ ಹಣ್ಣಾಗುವ ಮೊದಲು. ಸಿಹಿ ಅಂತ ಕುರಿ ಮೇಕೆ ಆ ಕಾಯಿ ತಿನ್ನುತ್ತವೆ, ಬೀಜ ಹಿಕ್ಕೆಯ ಜೊತೆ ಬಂದು ಹೋದಲ್ಲೆಲ್ಲ ಹುಟ್ಟುತ್ತೆ. ಒಂದೇ ಸಲ ಎಲ್ಲ ತೆಗೆಯಲಿಲ್ಲ, ಊರಿನ ಅರ್ಧ ಒಲೆ ಉರಿಯುವುದು ಅದರ ಸೌದೆಯಲ್ಲೇ. ಮೂರು ವರ್ಷ, ಪಟ್ಟೆ ಪಟ್ಟೆಯಾಗಿ ತೆಗೆದೆ. ಸೌದೆ ಬೇಕಾದವರು ಒಯ್ದರು, ಮುಳ್ಳುಕಂಪೆಯನ್ನು ಬೋಳು ನೆಲದ ಮೇಲೆ ಹರಡಿದೆ. ಗಾಳಿಗೆ ಹಾರಿ ಬಂದ ಹುಲ್ಲಿನ ಬೀಜ ಅದರಡಿ ಸಿಕ್ಕಿಕೊಂಡು ಮೊಳೆಯಿತು.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಎರಡು ವರ್ಷ ಕುರಿಗಳನ್ನು ಪೂರ್ತಿ ತಡೆದೆ. ಹುಲ್ಲು ಸೊಂಟದೆತ್ತರ ಬೆಳೆದು ಒಣಗಿ, ಮಾರ್ಚ್‌ನಲ್ಲಿ ಯಾರೋ ಎಸೆದ ಬೀಡಿಯಿಂದ ಅರ್ಧ ಎಕರೆ ಸುಟ್ಟುಹೋಯಿತು. ತಂಗಡಿ, ಬಂದರಿಕೆ ಬುಡದಿಂದ ಮತ್ತೆ ಚಿಗುರಿದವು, ಸಣ್ಣ ಸಸಿಗಳು ಹೋದವು. ಈಗ ಹುಲ್ಲಿನ ಬೀಜ ಉದುರಿದ ಮೇಲೆ ಎರಡು ವಾರ ಅಜ್ಜನ ಕುರಿಗಳಿಗೆ ದಾರಿ ಬಿಡುತ್ತೇನೆ. ಬರುವ ಮೊದಲು ಎಲ್ಲಿ ಮೇಯಿಸಿದ್ದು ಅಂತ ಮಾತ್ರ ಕೇಳುತ್ತೇನೆ, ಜಾಲಿ ಕಾಯಿ ತಿಂದಿದ್ದರೆ ನಾಲ್ಕು ದಿನ ತಡೆದು ಬಾ ಅಜ್ಜ ಅನ್ನುತ್ತೇನೆ. ನಗುತ್ತಾರೆ, ಆದರೆ ತಡೆಯುತ್ತಾರೆ.

ಕೌಜುಗ ಬೆಳಿಗ್ಗೆ ಕೂಗುತ್ತೆ. ಹೋದ ಚಳಿಗಾಲ ಒಂದು ಮೆಳೆಯ ಬುಡದಿಂದ ಪುರ್ಲೆ ಹಕ್ಕಿಗಳ ಹಿಂಡು ಬರ್ರನೆ ಎದ್ದು ನನ್ನ ಎದೆ ಹಾರಿಸಿತು.

ಜೆಸಿಬಿ ಗುಂಡಿಗಳ ಗುರುತು ಇನ್ನೂ ಮಾಸಿಲ್ಲ, ಅಲ್ಲಿ ಹುಲ್ಲೂ ಸರಿಯಾಗಿ ಹಿಡಿಯುತ್ತಿಲ್ಲ. ಈ ಮಳೆಗಾಲ ಎರಡರಲ್ಲಿ ಸಸಿ ಕಂಡಿತು. ಒಂದು ಕವಳೆ. ಇನ್ನೊಂದು ಬಳ್ಳಾರಿ ಜಾಲಿ, ಕಿತ್ತು ಹಾಕಿದೆ.